ದಿನವೂ ಕಚೇರಿಗೆ ರೋಡ್ ಬೈಕ್: 25ರ ಟೈರಿನಲ್ಲೇ ಉಳಿಯಬೇಕೆ, ಅಗಲದ ಟೈರಿಗೆ ಹೋಗಬೇಕೆ?

ಕೆಂಗೇರಿ_ಸವಾರ

ಎಲ್ಲರಿಗೂ ನಮಸ್ಕಾರ. ಕೆಂಗೇರಿಯಿಂದ ರೆಸಿಡೆನ್ಸಿ ರಸ್ತೆಯಲ್ಲಿರುವ ಕಚೇರಿಗೆ ವಾರದ ಬಹುತೇಕ ದಿನಗಳಲ್ಲಿ ಸೈಕಲ್ಲಿನಲ್ಲೇ ಹೋಗಿಬರುತ್ತೇನೆ. ಮೆಟ್ರೊ ಕಂಬಗಳ ಕೆಳಗಿನ ಮೈಸೂರು ರಸ್ತೆ, ಟೌನ್ ಹಾಲ್, ಹಡ್ಸನ್ ವೃತ್ತ, ಅಲ್ಲಿಂದ ಮುಂದೆ ಟೆಂಡರ್‌ಶೂರ್ ಯೋಜನೆಯಲ್ಲಿ ಹೊಸದಾಗಿ ಕಟ್ಟಿದ ರಸ್ತೆ; ಹೀಗೆ ಒಂದೇ ಸವಾರಿಯಲ್ಲಿ ಡಾಂಬರು, ಕಾಂಕ್ರೀಟು, ಎದ್ದು ಬಂದ ಜಲ್ಲಿ, ಅಗೆದು ಅರೆಬರೆ ಮುಚ್ಚಿದ ಹೊಂಡ ಎಲ್ಲವೂ ಎದುರಾಗುತ್ತವೆ.

ನನ್ನದು ಅಲ್ಯೂಮಿನಿಯಂ ಫ್ರೇಮಿನ, ರಿಮ್ ಬ್ರೇಕ್ ಇರುವ ರೋಡ್ ಬೈಕ್. ಕೊಂಡಾಗ ಬಂದ 700×25ಸಿ, ಅಂದರೆ 25 ಮಿ.ಮೀ. ಅಗಲದ ಟೈರುಗಳೇ ಇನ್ನೂ ಇವೆ. ಹಿಂದಿನ ಟೈರಿನ ನಡುಭಾಗ ಸವೆದು ಚಪ್ಪಟೆಯಾಗಿದ್ದು, ಒಂದೆರಡು ಕಡೆ ಒಳಗಿನ ನೂಲು ಕಾಣಿಸುತ್ತಿದೆ. ಈಚೆಗೆ ಪಂಕ್ಚರ್ ಕೂಡ ಹೆಚ್ಚಾಗಿದೆ. ನನ್ನ ತೂಕ 75 ಕಿಲೊ. ಲ್ಯಾಪ್‌ಟಾಪ್, ಊಟದ ಡಬ್ಬಿ, ಮಳೆ ಅಂಗಿ ಸೇರಿದ ಚೀಲ 5 ಕಿಲೊ ಆಗಬಹುದು. ಹತ್ತಿರದ ಅಂಗಡಿಯವರು ಮತ್ತೆ ಅದೇ ಅಳತೆಯ ಟೈರು ಹಾಕಿಸಿ, 110 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಗಾಳಿ ಹೊಡೆಸಿಕೊಳ್ಳಿ ಎನ್ನುತ್ತಾರೆ. ನನಗೆ ಅದು ಸರಿಯೆನಿಸುತ್ತಿಲ್ಲ, ಏಕೆಂದರೆ ಈಗಲೇ ಕೈ ಮತ್ತು ಬೆನ್ನಿಗೆ ಬಡಿತ ಹೆಚ್ಚು. ಅಗಲದ ಟೈರು ಹಾಕಿದರೆ ವೇಗ ಕುಂದುವುದೇ? ಪಂಕ್ಚರ್ ತಡೆಯುವ ಟೈರುಗಳಲ್ಲಿ ಯಾವುದನ್ನು ನಂಬಬಹುದು? ಮಳೆಗಾಲಕ್ಕೆ ಗೀರುಗಳಿರುವ ಟೈರೇ ಬೇಕೆ? ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಿ.

ಹಳೇ_ಸ್ಪೋಕು

ಯಾವ ಕಂಪನಿಯ ಟೈರು ಎಂಬ ಪ್ರಶ್ನೆ ಕೊನೆಗೆ ಬರಲಿ. ನಿಮ್ಮ ಫ್ರೇಮಿನಲ್ಲಿ ಎಷ್ಟು ಅಗಲದ ಟೈರು ಹಿಡಿಸುತ್ತದೆ ಎಂಬುದು ಮೊದಲು ಗೊತ್ತಾಗಬೇಕು, ಏಕೆಂದರೆ ಉಳಿದ ಎಲ್ಲ ತೀರ್ಮಾನಗಳೂ ಅದರ ಮೇಲೆ ನಿಂತಿವೆ.

ಈಗಿರುವ ಟೈರಿನ ಪಕ್ಕದ ಗೋಡೆಯ ಮೇಲೆ 25-622 ಎಂಬ ಅಂಕಿ ಇರುತ್ತದೆ. ಮೊದಲನೆಯದು ಗಾಳಿ ತುಂಬಿದಾಗಿನ ಅಗಲ, ಎರಡನೆಯದು ಟೈರಿನ ಅಂಚು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರುಗಳಲ್ಲಿ. ಹೊಸ ಟೈರು ಕೊಳ್ಳುವಾಗ 622 ಎಂಬುದು ಬದಲಾಗಬಾರದು. 700ಸಿ, 28 ಇಂಚು ಎಂಬ ಹೆಸರುಗಳನ್ನು ನೆಚ್ಚಿಕೊಳ್ಳಬೇಡಿ. ನಮ್ಮ ಊರುಗಳ ಹಳೆಯ ಕಪ್ಪು ಸೈಕಲ್ಲುಗಳ 28 ಇಂಚಿನ ಟೈರು 635ರ ಅಳತೆಯದು. ಹೆಸರು ಕೇಳಿ ತಂದರೆ ನಿಮ್ಮ ರಿಮ್ಮಿಗೆ ಅದು ಕೂರುವುದೇ ಇಲ್ಲ. ರಿಮ್ಮಿನ ಮೇಲೂ ಒಂದು ಗುರುತು ಇರುತ್ತದೆ, ಉದಾಹರಣೆಗೆ 622×17. ಇಲ್ಲಿನ 17 ರಿಮ್ಮಿನ ಒಳ ಅಗಲ. ಒಳ ಅಗಲ ಹೆಚ್ಚಿದಷ್ಟೂ ಅದೇ ಟೈರು ಹೆಚ್ಚು ಹಿಗ್ಗಿ ಕೂರುತ್ತದೆ, 2 ಮಿ.ಮೀ. ಹೆಚ್ಚಾದರೆ ಟೈರು ಸುಮಾರು 1 ಮಿ.ಮೀ. ಹಿಗ್ಗುತ್ತದೆ ಎಂದು ಲೆಕ್ಕ ಹಿಡಿಯಬಹುದು.

ಇನ್ನು ಜಾಗದ ಅಳತೆ. ಚಕ್ರದಲ್ಲಿ ಪೂರ್ತಿ ಗಾಳಿ ಇರುವಾಗ, ಟೈರಿನ ನೆತ್ತಿಗೂ ಬ್ರೇಕ್ ಕ್ಯಾಲಿಪರಿನ (ರಿಮ್ಮನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಭಾಗ) ತಳಕ್ಕೂ ನಡುವೆ ಅಲೆನ್ ಕೀಗಳನ್ನು ಒಂದೊಂದಾಗಿ ತೂರಿಸಿ ನೋಡಿ. 4, 5, 6, 8 ಮಿ.ಮೀ. ಕೀಗಳು ಎಲ್ಲರ ಬಳಿಯೂ ಇರುತ್ತವೆ, ಇದಕ್ಕಿಂತ ನೇರವಾದ ಅಳತೆಗೋಲು ಬೇಕಿಲ್ಲ. ಮುಂದಿನ ಚಕ್ರವನ್ನು ಹಿಡಿದ ಫೋರ್ಕಿನ ಎರಡು ಕಾಲುಗಳು ಸೇರುವ ಕಿರೀಟದ ಕೆಳಗೆ, ಹಿಂದೆ ಪೆಡಲಿನ ಅಚ್ಚಿನ ಬಳಿ ಎರಡು ಕೊಳವೆಗಳು ಸೇರುವೆಡೆ, ಟೈರಿನ ಎರಡೂ ಬದಿಯಲ್ಲಿ ಹೀಗೆಯೇ ನೋಡಿ. ಟೈರಿನ ಅಗಲ 3 ಮಿ.ಮೀ. ಹೆಚ್ಚಿದರೆ ಎತ್ತರವೂ ಹೆಚ್ಚುಕಡಿಮೆ 3 ಮಿ.ಮೀ. ಏರುತ್ತದೆ, ಬದಿಯಲ್ಲಿ ಒಂದೊಂದು ಕಡೆಗೆ ಒಂದೂವರೆ ಮಿ.ಮೀ. ಸೇರುತ್ತದೆ. ಹೊಸ ಟೈರು ಹಾಕಿದ ಮೇಲೂ ಸುತ್ತಲೂ 4 ಮಿ.ಮೀ. ಉಳಿಯಲೇಬೇಕು. ಕಡ್ಡಿಯೊಂದು ಮುರಿದು ಚಕ್ರ ವಾಲಿದಾಗಲೂ, ಟೈರಿಗೆ ಅಂಟಿದ ಜಲ್ಲಿ ಚೂರು ಫೋರ್ಕಿಗೆ ಸಿಕ್ಕಿಕೊಳ್ಳುವ ಹೊತ್ತಿನಲ್ಲೂ ನಿಮ್ಮನ್ನು ಉಳಿಸುವುದು ಆ ಸಂದಿಯೇ.

ಇಷ್ಟನ್ನು ಅಳೆದು ಬರೆಯಿರಿ. ಆ ಅಳತೆ ಒಪ್ಪುವ ಅತ್ಯಂತ ಅಗಲದ ಟೈರನ್ನು ಹಾಕಿಸಿ ಎಂಬುದೇ ನನ್ನ ಸಲಹೆ.

ವೇಗಮಿತ್ರ

ಹಳೇ ಸ್ಪೋಕು ಅವರ ಅಳತೆಯ ಕ್ರಮವನ್ನು ಪೂರ್ತಿ ಒಪ್ಪುತ್ತೇನೆ, ಆದರೆ ಕೊನೆಯ ವಾಕ್ಯವನ್ನು ಅಲ್ಲ. ರೋಡ್ ಬೈಕ್ ಕೊಂಡವರು ಅದರ ಹಗುರತನಕ್ಕಾಗಿಯೇ ಕೊಂಡಿರುತ್ತಾರೆ. ಪಂಕ್ಚರಿನ ಭಯದಿಂದ ದಪ್ಪ ರಬ್ಬರಿನ ಭಾರದ ಟೈರನ್ನು ಹಾಕಿದರೆ ಪ್ರತಿ ಸಿಗ್ನಲಿನಿಂದ ಹೊರಡುವಾಗಲೂ ಆ ಭಾರವನ್ನು ತಿರುಗಿಸಬೇಕು. ಅದಕ್ಕಿಂತ ಮುಖ್ಯವಾಗಿ, ಗಡುಸಾದ ಟೈರು ರಸ್ತೆಯ ಮೇಲೆ ಮಡಚಿ ಬಿಚ್ಚಿಕೊಳ್ಳುವಾಗ ನಮ್ಮ ಶ್ರಮದ ಒಂದು ಪಾಲನ್ನು ಶಾಖವಾಗಿ ಕಳೆದುಬಿಡುತ್ತದೆ. ಒಳ್ಳೆಯ ನೂಲಿನ ಮೃದುವಾದ ಟೈರು ಅದೇ ಶ್ರಮಕ್ಕೆ ಗಂಟೆಗೆ ಒಂದೆರಡು ಕಿಲೊಮೀಟರು ಹೆಚ್ಚು ಕೊಡುವುದನ್ನು ಯಾರು ಬೇಕಾದರೂ ಸವಾರಿಯಲ್ಲೇ ಗುರುತಿಸಬಹುದು. ಕಾಂಟಿನೆಂಟಲ್ ಕಂಪನಿಯ ಗ್ರಾಂಡ್ ಪ್ರಿ 5000 ಟೈರು 2018ರಲ್ಲಿ ಬಂದದ್ದು ಸ್ಪರ್ಧೆಯ ಸವಾರರಿಗಾಗಿ. ಆದರೂ ಅದನ್ನು ದಿನನಿತ್ಯದ ಸವಾರಿಗೆ ಬಳಸುವವರು ಬಹಳ ಮಂದಿ ಇದ್ದಾರೆ. ಅದು ಬೇಡವೆನಿಸಿದರೆ ಅದೇ ಕಂಪನಿಯ ಗ್ರಾಂಡ್ ಪ್ರಿ 4-ಸೀಸನ್ ಇದೆ, ಅದರೊಳಗೆ ವೆಕ್ಟ್ರಾನ್ ನೂಲಿನ ಎರಡು ರಕ್ಷಣಾ ಪದರಗಳಿವೆ, ಒದ್ದೆ ರಸ್ತೆಯ ಹಿಡಿತವೂ ಚೆನ್ನಾಗಿದೆ. 25ರ ಅಳತೆಯಲ್ಲೇ ಅದನ್ನು ಹಾಕಿ ನೋಡಿ.

ಜಯನಗರ_ಜೋಡಿಚಕ್ರ

ಟೈರಿನ ಹಂದರ ಮೃದುವಾಗಿರಬೇಕು ಎಂಬಲ್ಲಿ ವೇಗಮಿತ್ರ ಅವರೊಂದಿಗೆ ನನಗೆ ತಕರಾರಿಲ್ಲ. ಆದರೆ ಕಡಿಮೆ ಅಗಲವೇ ವೇಗ ಎಂಬ ಧ್ವನಿ ಅಲ್ಲಿದೆ, ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಟೈರು ನೆಲವನ್ನು ಮುಟ್ಟುವ ಜಾಗದ ವಿಸ್ತೀರ್ಣವನ್ನು ಬಹುಮಟ್ಟಿಗೆ ನಿರ್ಧರಿಸುವುದು ಅಗಲವಲ್ಲ, ಭಾರ ಮತ್ತು ಗಾಳಿಯ ಒತ್ತಡ. ಕೆಂಗೇರಿ ಸವಾರರ ಲೆಕ್ಕವನ್ನೇ ತೆಗೆದುಕೊಳ್ಳಿ. ಸವಾರ, ಚೀಲ, 10 ಕಿಲೊ ಸೈಕಲ್ಲು ಎಲ್ಲ ಸೇರಿ 90 ಕಿಲೊ, ಅದರ ಶೇ. 60ರಷ್ಟು, ಅಂದರೆ 54 ಕಿಲೊ ಹಿಂದಿನ ಚಕ್ರದ ಮೇಲೆ ಬೀಳುತ್ತದೆ. 110 ಪಿಎಸ್ಐ ಗಾಳಿಯಿದ್ದರೆ ನೆಲಕ್ಕೆ ತಾಗುವ ಜಾಗ ಸುಮಾರು 7 ಚದರ ಸೆಂ.ಮೀ.; 75 ಪಿಎಸ್ಐಗೆ ಇಳಿಸಿದರೆ ಸುಮಾರು 10 ಚದರ ಸೆಂ.ಮೀ. ಒಂದೇ ಒತ್ತಡದಲ್ಲಿ 25ರ ಟೈರಾಗಲಿ 28ರ ಟೈರಾಗಲಿ ವಿಸ್ತೀರ್ಣ ಅಷ್ಟೇ, ಆದರೆ ಆಕಾರ ಬೇರೆ. ಕಿರಿದಾದ ಟೈರಿನ ಗುರುತು ಉದ್ದವಾಗಿ ತೆಳ್ಳಗಿರುತ್ತದೆ, ಅಗಲದ್ದು ಮೋಟಾಗಿ ಅಗಲವಾಗಿರುತ್ತದೆ. ಗುರುತು ಉದ್ದವಾದಷ್ಟೂ ಟೈರಿನ ಗೋಡೆ ಹೆಚ್ಚು ಬಾಗಬೇಕು, ಬಾಗಿದಷ್ಟೂ ಶಕ್ತಿ ಸೋರುತ್ತದೆ. ಆದ್ದರಿಂದ ಒಂದೇ ಬಗೆಯ ಟೈರು, ಒಂದೇ ಒತ್ತಡ ಎಂದಿಟ್ಟುಕೊಂಡರೆ ಅಗಲದ್ದೇ ಹಗುರವಾಗಿ ಉರುಳುತ್ತದೆ.

ವಾಸ್ತವದಲ್ಲಿ ಅಗಲದ ಟೈರಿಗೆ ಗಾಳಿಯನ್ನು ಕಡಿಮೆ ಹಾಕುತ್ತೇವೆ, ಹಾಗಾಗಿ ಈ ಲಾಭದ ಒಂದಂಶ ಅಲ್ಲಿಗೆ ಹೋಗುತ್ತದೆ. ಆದರೆ ಸೈಕಲ್ ಸ್ಪರ್ಧೆಗೆಂದೇ ಕಟ್ಟಿದ ನುಣುಪಾದ ವೆಲೊಡ್ರೋಮಿನಲ್ಲಿ ಮಾತ್ರ ಆ ಲೆಕ್ಕವಷ್ಟೇ ಸಾಕು. ಒರಟು ರಸ್ತೆಯಲ್ಲಿ ಗಟ್ಟಿ ಟೈರು ಪ್ರತಿ ಉಬ್ಬಿಗೂ ಸೈಕಲ್ಲನ್ನೂ ಸವಾರನನ್ನೂ ಮೇಲಕ್ಕೆ ಎತ್ತಿ ಹಾಕುತ್ತದೆ. ಮುಂದೆ ಹೋಗಬೇಕಾದ ಶಕ್ತಿ ಹೀಗೆ ಮೈ ಕುಲುಕುವುದರಲ್ಲಿ ಕರಗುತ್ತದೆ. ಮೈಸೂರು ರಸ್ತೆಯಲ್ಲಿ 110 ಪಿಎಸ್ಐ ಹಾಕಿಕೊಂಡು ಹೋಗುವವರು ಈ ನಷ್ಟವನ್ನು ದಿನವೂ ಹೊರುತ್ತಿದ್ದಾರೆ. ಗಟ್ಟಿ ಟೈರಿನ ಆ ಬಡಿತ ವೇಗದಂತೆ ಭಾಸವಾಗುತ್ತದೆ, ಅದು ವೇಗವಲ್ಲ.

ತೂಕದ ವಿಷಯಕ್ಕೆ ಬಂದರೆ, ಹಗುರ ಟೈರಿಗೂ ಭಾರದ ಟೈರಿಗೂ ಒಂದೊಂದು ಚಕ್ರದಲ್ಲಿ ಕೆಲವು ನೂರು ಗ್ರಾಂ ವ್ಯತ್ಯಾಸ. ನಾಯಂಡಹಳ್ಳಿಯ ಸಿಗ್ನಲಿನಲ್ಲಿ ನಿಲ್ಲುವ ಹೊತ್ತಿನ ಮುಂದೆ ಅದು ಲೆಕ್ಕಕ್ಕೆ ಬರುವುದಿಲ್ಲ.

ಎರೆಭೂಮಿ

ವಿಜಯಪುರದಿಂದ ಬರೆಯುತ್ತಿದ್ದೇನೆ. ನಮ್ಮ ಕಡೆ ಸೈಕಲ್ ಸ್ಪರ್ಧೆಯ ದೊಡ್ಡ ಪರಂಪರೆಯೇ ಇದೆ, ಹಾಗಾಗಿ ತೆಳು ಟೈರಿನ ಸೊಗಸು ಇಲ್ಲಿನವರಿಗೆ ಗೊತ್ತಿಲ್ಲದ್ದಲ್ಲ. ಆದರೆ ದಿನದ ಕೆಲಸಕ್ಕೆ ಹೋಗುವ ಸೈಕಲ್ಲಿಗೆ ನಾವು ನೋಡುವುದು ಮುಳ್ಳಿಗೆ ಏನು ಮಾಡುತ್ತದೆ ಎಂಬುದನ್ನೇ. ರಸ್ತೆಯ ಅಂಚಿನ ಬಳ್ಳಾರಿ ಜಾಲಿಯ ಮುಳ್ಳು ಉದ್ದವಾಗಿ, ಗಟ್ಟಿಯಾಗಿ ಇರುತ್ತದೆ. ನೆಲಕ್ಕೆ ಹಬ್ಬುವ ನೆಗ್ಗಿಲಿನ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದೆ. ಇವೆರಡಕ್ಕೂ ನೂಲಿನ ರಕ್ಷಣಾ ಪದರ ಸಾಲದು. ನೂಲಿನ ನಡುವೆ ದಾರಿ ಮಾಡಿಕೊಂಡು ಒಳಗೆ ಇಳಿಯುತ್ತವೆ. ಶ್ವಾಲ್ಬೆ ಕಂಪನಿಯ ಮ್ಯಾರಥಾನ್ ಪ್ಲಸ್ ಟೈರಿನಲ್ಲಿ ಮೇಲ್ಮೈಯ ಕೆಳಗೆ 5 ಮಿ.ಮೀ. ದಪ್ಪದ ಮೆತ್ತನೆಯ ರಬ್ಬರ್ ಪಟ್ಟಿ ಇದೆ. ಮುಳ್ಳು ಚುಚ್ಚಿದರೂ ಟ್ಯೂಬಿನವರೆಗೆ ತಲುಪಲು ಅದಕ್ಕೆ ಉದ್ದ ಸಾಲದು ಎಂಬುದೇ ಅದರ ತತ್ವ. ಭಾರ ಅರ್ಧ ಕಿಲೊ ಮೀರುತ್ತದೆ, ನಿಜ. ಸುಡುವ ಬಿಸಿಲಿನಲ್ಲಿ ಹೊಲದ ಬದಿಯಲ್ಲಿ ಕೂತು ಪ್ಯಾಚ್ ಹಾಕುವ ಕಷ್ಟ ತಿಳಿದವರು ಆ ಭಾರವನ್ನು ಸಂತೋಷದಿಂದ ಹೊರುತ್ತಾರೆ.

ಹಳೇ ಸ್ಪೋಕು ಅವರು ಹೇಳಿದ ಸಂದಿಯ ಬಗ್ಗೆ ಇನ್ನೊಂದು ಮಾತು. ಮಳೆ ಬಿದ್ದ ಎರೆಮಣ್ಣಿನ ದಾರಿಯಲ್ಲಿ ಹತ್ತಿಪ್ಪತ್ತು ಮಾರು ಹೋದರೆ ಸಾಕು, ಬ್ರೇಕಿನ ಕೆಳಗೆ ಮಣ್ಣು ತುಂಬಿಕೊಂಡು ಚಕ್ರ ತಿರುಗುವುದೇ ನಿಲ್ಲುತ್ತದೆ. ಹಾಗಾಗಿ ನಮ್ಮಲ್ಲಿ ಅಗಲದ ಟೈರು ಹಾಕಲು ಆಸೆಪಟ್ಟು ಸಂದಿಯನ್ನು ಕಳೆದುಕೊಳ್ಳುವುದು ಜಾಣತನವಲ್ಲ. ಬೆಂಗಳೂರಿನವರಿಗೆ ಈ ತೊಂದರೆ ಇರಲಾರದು.

ಕೆಂಗೇರಿ_ಸವಾರ

ಎಲ್ಲರಿಗೂ ಧನ್ಯವಾದಗಳು. ಅಳೆದು ನೋಡಿದೆ. ರಿಮ್ಮಿನ ಮೇಲೆ 622×17 ಎಂದಿದೆ. ಮುಂದಿನ ಬ್ರೇಕಿನ ಕೆಳಗೆ 8ರ ಅಲೆನ್ ಕೀ ಸರಾಗವಾಗಿ ಹೋಗುತ್ತದೆ. ಹಿಂದೆ 6ರದ್ದು ಸಡಿಲವಾಗಿ ಹೋಗುತ್ತದೆ, 8ರದ್ದು ಹೋಗುವುದಿಲ್ಲ. ಸ್ಕೇಲಿನಲ್ಲಿ ನೋಡಿದರೆ 7 ಮಿ.ಮೀ. ಇದ್ದೀತು. ಬದಿಗಳಲ್ಲಿ ಎಲ್ಲೆಡೆಯೂ 6 ಮಿ.ಮೀ. ಮೀರಿ ಜಾಗವಿದೆ.

ಟ್ಯೂಬನ್ನು ಹೊರತೆಗೆದಾಗ ಕಂಡ ಇನ್ನೊಂದು ಸಂಗತಿ: ನಮ್ಮ ದಾರಿಯಲ್ಲಿ ಮುಳ್ಳು ಅಷ್ಟಾಗಿ ಇಲ್ಲ. ಟೈರಿನ ಒಳಗೆ ಬೆರಳಾಡಿಸಿದರೆ ಕೂದಲಿನಷ್ಟು ಸಣ್ಣ ಕಬ್ಬಿಣದ ತಂತಿಯ ಚೂರುಗಳು ಸಿಗುತ್ತವೆ. ಅವು ಎಲ್ಲಿಂದ ಬರುತ್ತವೆ ಎಂದು ತಿಳಿಯಲಿಲ್ಲ.

ಹಳೇ_ಸ್ಪೋಕು

ಅಳತೆ ಸ್ಪಷ್ಟವಾಗಿದೆ. 28ರ ಟೈರು ಹಾಕಿದರೆ ಹಿಂದಿನ ಬ್ರೇಕಿನ ಕೆಳಗೆ 4 ಮಿ.ಮೀ. ಉಳಿಯುತ್ತದೆ, ಅದು ಸಾಕು. 32ಕ್ಕೆ ಜಾಗವಿಲ್ಲ, ಆ ಯೋಚನೆಯನ್ನು ಬಿಡಿ. ನಿಮ್ಮ 17 ಮಿ.ಮೀ. ರಿಮ್ಮಿಗೆ 28 ಚೆನ್ನಾಗಿಯೇ ಹೊಂದುತ್ತದೆ. ಆದರೆ ಒಂದೇ ಅಂಕಿ ಬರೆದ ಟೈರುಗಳು ಕಂಪನಿಯಿಂದ ಕಂಪನಿಗೆ ಒಂದು ಮಿ.ಮೀ. ಹೆಚ್ಚುಕಡಿಮೆ ಇರುವುದುಂಟು, ಆದ್ದರಿಂದ ಚಕ್ರವನ್ನು ಅಂಗಡಿಗೇ ಒಯ್ದು, ಹಾಕಿಸಿ, ಗಾಳಿ ತುಂಬಿಸಿ, ಸೈಕಲ್ಲಿಗೆ ಕೂರಿಸಿ ನೋಡಿದ ಮೇಲೆಯೇ ಹಣ ಕೊಡುವುದು ಒಳ್ಳೆಯದು. 28 ಹಾಕಿದ ಮೇಲೆ ಚಕ್ರ ಬಿಚ್ಚುವಾಗ ಟೈರು ಬ್ರೇಕಿನ ರಬ್ಬರುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಕ್ಯಾಲಿಪರಿನ ಪಕ್ಕದಲ್ಲಿರುವ ಪುಟ್ಟ ಲಿವರನ್ನು ಎತ್ತಿದರೆ ಬ್ರೇಕು ಅಗಲವಾಗಿ ತೆರೆದುಕೊಂಡು ದಾರಿ ಬಿಡುತ್ತದೆ. ಚಕ್ರ ಕೂರಿಸಿದ ಕೂಡಲೇ ಆ ಲಿವರನ್ನು ಕೆಳಗಿಳಿಸಬೇಕು.

ಆ ತಂತಿಗಳು ಬರುವುದು ಲಾರಿ, ಬಸ್ಸುಗಳ ರೇಡಿಯಲ್ ಟೈರುಗಳಿಂದ. ಅವುಗಳ ಒಳಗೆ ಉಕ್ಕಿನ ಸಣ್ಣ ತಂತಿಗಳ ಹೆಣಿಗೆ ಇರುತ್ತದೆ. ಟೈರು ಒಡೆದಾಗ ಅಥವಾ ಮಿತಿಮೀರಿ ಸವೆದಾಗ ಆ ತಂತಿ ಚೂರುಚೂರಾಗಿ ರಸ್ತೆಗೆ ಉದುರುತ್ತದೆ. ಭಾರಿ ವಾಹನಗಳು ಓಡಾಡುವ ಹೆದ್ದಾರಿಗಳಲ್ಲಿ ಸೈಕಲ್ಲಿನ ಪಂಕ್ಚರಿಗೆ ದೊಡ್ಡ ಕಾರಣ ಇದೇ. ಆ ವಾಹನಗಳ ಗಾಳಿಗೆ ಕಸವೆಲ್ಲ ರಸ್ತೆಯ ಎಡ ಅಂಚಿಗೆ ಗುಡಿಸಿ ಬಂದು ಸೇರುತ್ತದೆ, ಸೈಕಲ್ಲಿನವರು ಹೋಗಬೇಕಾದದ್ದೂ ಅದೇ ಅಂಚಿನಲ್ಲಿ. ಸಾಧ್ಯವಾದ ಕಡೆ ಆ ಕಸದ ಪಟ್ಟಿಯಿಂದ ಒಂದು ಮೊಳ ಒಳಗೆ, ವಾಹನಗಳ ಚಕ್ರ ಉಜ್ಜಿ ಶುಚಿಯಾಗಿಸಿದ ಜಾಗದಲ್ಲಿ ಸಾಗುವುದೇ ಲೇಸು.

ಈ ತಂತಿಯ ಸ್ವಭಾವವನ್ನು ತಿಳಿದರೆ ಟೈರಿನ ಆಯ್ಕೆ ಸುಲಭ. ಅದು ಒಮ್ಮೆಗೇ ಒಳಗೆ ಹೋಗುವುದಿಲ್ಲ. ಮೊದಲು ರಬ್ಬರಿಗೆ ಅಂಟಿಕೊಳ್ಳುತ್ತದೆ, ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ, ಮರುದಿನವೋ ಮೂರನೆಯ ದಿನವೋ ಟ್ಯೂಬನ್ನು ಮುಟ್ಟುತ್ತದೆ. ನೂಲಿನ ಪದರ ಎಷ್ಟೇ ಬಲವಾಗಿದ್ದರೂ ಇಷ್ಟು ಸಣ್ಣ ತಂತಿ ನೂಲುಗಳ ಸಂದಿಯಲ್ಲಿ ತೂರಬಲ್ಲದು. ಗಾಜಿನ ಚೂರಿಗೆ ಆ ಪದರ ಒಳ್ಳೆಯ ತಡೆ, ತಂತಿಗೆ ಅಷ್ಟಲ್ಲ. ತಂತಿಯನ್ನು ತಡೆಯುವುದು ರಬ್ಬರಿನ ದಪ್ಪ. ನಿಮ್ಮ ಹಿಂದಿನ ಟೈರಿನಲ್ಲಿ ಪಂಕ್ಚರ್ ಈಚೆಗೆ ಹೆಚ್ಚಾದದ್ದಕ್ಕೂ ಇದೇ ವಿವರಣೆ: ಸವೆದು ತೆಳುವಾದ ಟೈರಿನಲ್ಲಿ ತಂತಿಗೆ ಹೋಗಬೇಕಾದ ದೂರವೇ ಕಡಿಮೆ.

ಎರಡು ಅಭ್ಯಾಸಗಳನ್ನು ಮಾಡಿಕೊಳ್ಳಿ. ವಾರಕ್ಕೊಮ್ಮೆ ಗಾಳಿ ಹೊಡೆಯುವಾಗ ಚಕ್ರವನ್ನು ನಿಧಾನವಾಗಿ ತಿರುಗಿಸಿ ಮೇಲ್ಮೈಯನ್ನು ಬೆಳಕಿನಲ್ಲಿ ನೋಡಿ, ಅಂಟಿದ್ದನ್ನು ಸಣ್ಣ ಚಿಮಟದಿಂದ ಕಿತ್ತುಹಾಕಿ. ಇನ್ನೊಂದು, ಟೈರು ಹಾಕುವಾಗ ಅದರ ಹೆಸರಿನ ಪಟ್ಟಿ ಸರಿಯಾಗಿ ವಾಲ್ವಿನ ನೇರಕ್ಕೇ ಬರಲಿ. ಮುಂದೆ ಪಂಕ್ಚರ್ ಆದಾಗ ಟ್ಯೂಬಿನ ತೂತು ವಾಲ್ವಿನಿಂದ ಎಷ್ಟು ದೂರದಲ್ಲಿದೆ ಎಂದು ನೋಡಿದರೆ ಟೈರಿನಲ್ಲಿ ತಂತಿ ಕೂತ ಜಾಗ ಒಡನೆಯೇ ಸಿಗುತ್ತದೆ. ತಂತಿಯನ್ನು ತೆಗೆಯದೆ ಹೊಸ ಟ್ಯೂಬು ಹಾಕಿದರೆ ಅದೂ ಮನೆ ತಲುಪುವುದಿಲ್ಲ.

ಕರಾವಳಿ_ಪೆಡಲ್

ಮಳೆಯ ಪ್ರಶ್ನೆಗೆ ಮಂಗಳೂರಿನವನಾಗಿ ನಾನು ಉತ್ತರಿಸಬಹುದು. ಕಾರಿನ ಟೈರಿಗೆ ಗೀರುಗಳು ಬೇಕಿರುವುದು, ನೀರನ್ನು ಹೊರಗೆ ತಳ್ಳದಿದ್ದರೆ ಟೈರು ನೀರಿನ ಮೇಲೆ ತೇಲಿಬಿಡುತ್ತದೆ ಎಂಬ ಕಾರಣಕ್ಕೆ. ಸೈಕಲ್ಲಿನ ಟೈರು ಕಿರಿದು, ದುಂಡಗಿನದು, ಒತ್ತಡವೂ ಹೆಚ್ಚು. ವಿಮಾನದ ಚಕ್ರಗಳಿಗಾಗಿ ನಾಸಾದವರು ಕೊಟ್ಟ ಒಂದು ಸೂತ್ರವಿದೆ: ಪಿಎಸ್ಐ ಅಂಕಿಯ ವರ್ಗಮೂಲವನ್ನು 9ರಿಂದ ಗುಣಿಸಿದರೆ ಟೈರು ತೇಲಲು ಬೇಕಾದ ವೇಗ ನಾಟ್‌ಗಳಲ್ಲಿ ಸಿಗುತ್ತದೆ. 70 ಪಿಎಸ್ಐಗೆ ಲೆಕ್ಕ ಹಾಕಿದರೆ ಸುಮಾರು 75 ನಾಟ್, ಅಂದರೆ ಗಂಟೆಗೆ 139 ಕಿ.ಮೀ. ಆ ವೇಗದಲ್ಲಿ ನಾವು ಯಾರೂ ಕಚೇರಿಗೆ ಹೋಗುವುದಿಲ್ಲ. ಹಾಗಾಗಿ ಡಾಂಬರು, ಕಾಂಕ್ರೀಟಿನ ಮೇಲೆ ನುಣುಪಾದ ಟೈರೇ ಸಾಕು. ಗೀರು ಹೆಚ್ಚಿದ್ದಷ್ಟೂ ನೆಲಕ್ಕೆ ತಾಗುವ ರಬ್ಬರು ಕಡಿಮೆ. ಕೆಸರಿನ ದಾರಿ ಬೇರೆ ವಿಷಯ.

ಒದ್ದೆಯಲ್ಲಿ ಹಿಡಿತ ಕೊಡುವುದು ರಬ್ಬರಿನ ಪಾಕ ಮತ್ತು ಒತ್ತಡ. ದೀರ್ಘಕಾಲ ಬಾಳಲೆಂದು ಗಟ್ಟಿ ರಬ್ಬರಿನಿಂದ ಮಾಡಿದ ಟೈರುಗಳು ಒದ್ದೆ ರಸ್ತೆಯಲ್ಲಿ ಜಾರುವ ಸ್ವಭಾವದವು. ಕಾಂಟಿನೆಂಟಲ್ ಗೇಟರ್‌ಸ್ಕಿನ್ ಪಕ್ಕದ ಗೋಡೆಯ ಬಲಕ್ಕೂ ಬಾಳಿಕೆಗೂ ಹೆಸರಾದದ್ದು, ಆದರೆ ಮಳೆಯಲ್ಲಿ ಅದರ ಮೇಲೆ ಸವಾರರಿಗೆ ಅಷ್ಟು ಭರವಸೆಯಿಲ್ಲ. ಮಳೆ ದಿನ ಎರಡೂ ಟೈರುಗಳಲ್ಲಿ 5 ಪಿಎಸ್ಐನಷ್ಟು ಇಳಿಸಿಕೊಂಡರೆ ವ್ಯತ್ಯಾಸ ಕಾಣುತ್ತದೆ. ಇಷ್ಟಾದರೂ ರಸ್ತೆಗೆ ಬಳಿದ ಬಿಳಿ ಪಟ್ಟಿ, ಮ್ಯಾನ್‌ಹೋಲಿನ ಮುಚ್ಚಳ, ಕಾಮಗಾರಿಯವರು ಹಾಸುವ ಉಕ್ಕಿನ ತಗಡು ಇವುಗಳ ಮೇಲೆ ಯಾವ ಟೈರೂ ನಿಮ್ಮನ್ನು ಕಾಯುವುದಿಲ್ಲ. ಅವುಗಳ ಮೇಲೆ ಹೋಗಲೇಬೇಕಾದರೆ ತಿರುವು, ಬ್ರೇಕು ಎರಡೂ ಇಲ್ಲದೆ ನೇರವಾಗಿ ದಾಟಿ. ಕಾಂಕ್ರೀಟ್ ರಸ್ತೆಯ ಹಲಗೆಗಳ ನಡುವೆ ಉದ್ದಕ್ಕೂ ಇರುವ ಸೀಳಿನ ವಿಷಯವೂ ಹಾಗೆಯೇ; ಅದನ್ನು ಓರೆಯಾಗಿ ಸವರಿಕೊಂಡು ಹೋಗಬಾರದು, ಆದಷ್ಟು ಅಡ್ಡವಾಗಿ ದಾಟಬೇಕು. 25ರ ಟೈರಿಗೆ ಬಲೆಯಾಗುವ ಸೀಳುಗಳಲ್ಲಿ ಹಲವನ್ನು 28 ಮೇಲಿಂದಲೇ ದಾಟಿಬಿಡುತ್ತದೆ, ಅಗಲಕ್ಕೆ ಹೋಗಲು ಅದೊಂದೇ ಕಾರಣ ನನಗೆ ಸಾಕು.

ಒದ್ದೆ ರಬ್ಬರನ್ನು ಗಾಜು, ತಂತಿ ಸುಲಭವಾಗಿ ಕೊಯ್ಯುತ್ತವೆ. ಮಳೆಗಾಲದಲ್ಲಿ ಪಂಕ್ಚರ್ ಹೆಚ್ಚಾಗುವುದು ಟೈರಿನ ದೋಷದಿಂದ ಮಾತ್ರ ಅಲ್ಲ ಎಂಬುದೂ ನೆನಪಿರಲಿ.

ರೈನ್_ತೀರ

ಜರ್ಮನಿಯ ಕಲೋನಿನಲ್ಲಿರುವ ಕನ್ನಡಿಗ. ಶ್ವಾಲ್ಬೆ ಕಂಪನಿಯ ನೆಲೆ ಇಲ್ಲಿಂದ ಹೆಚ್ಚು ದೂರವಿಲ್ಲದ ರೈಷ್‌ಹೋಫ್‌ನಲ್ಲಿದೆ. ಮ್ಯಾರಥಾನ್ ಸರಣಿಯ ಟೈರು ಇಲ್ಲಿ ಕಚೇರಿಗೆ ಹೋಗುವ ಸೈಕಲ್ಲುಗಳಲ್ಲಿ ಎಲ್ಲೆಲ್ಲೂ ಕಾಣುತ್ತದೆ. ಮ್ಯಾರಥಾನ್ ಪ್ಲಸ್ ಬಗ್ಗೆ ಎರೆಭೂಮಿ ಅವರು ಬರೆದದ್ದೆಲ್ಲ ನಿಜ. ಜೊತೆಗೆ ಒಂದು ಎಚ್ಚರಿಕೆ: ಅದರ ಗೋಡೆ ಗಡುಸು, ರಿಮ್ಮಿಗೆ ಏರಿಸುವುದು ತುಸು ಕಷ್ಟ. ಅಂಚನ್ನು ರಿಮ್ಮಿನ ನಡುವಿನ ತಗ್ಗಿಗೆ ಒತ್ತುತ್ತಾ ಹೋಗಿ, ಕೊನೆಯ ಭಾಗ ವಾಲ್ವಿನ ಬಳಿ ಬರುವಂತೆ ಏರಿಸಿದರೆ ಕೈಯಲ್ಲೇ ಆಗುತ್ತದೆ. ರಸ್ತೆಯಲ್ಲಿ ಬಿಚ್ಚುವ ಸಂದರ್ಭ ಬರುವ ಮೊದಲೇ ಮನೆಯಲ್ಲಿ ಅಭ್ಯಾಸವಾಗಿರಲಿ.

ಈ ಚರ್ಚೆಯಲ್ಲಿ ಯಾರೂ ಎತ್ತದ ಒಂದು ಗುಣವಿದೆ. ಇಲ್ಲಿನ ನಿಯಮದ ಪ್ರಕಾರ ಚಕ್ರಗಳಿಗೆ ಬೆಳಕನ್ನು ಪ್ರತಿಫಲಿಸುವ ವ್ಯವಸ್ಥೆ ಇರಲೇಬೇಕು. ಟೈರಿನ ಎರಡೂ ಬದಿಯಲ್ಲಿ ಸುತ್ತಲೂ ಹೊಳೆಯುವ ಪಟ್ಟಿಯಿದ್ದರೆ ಅದು ನಡೆಯುತ್ತದೆ. ಸಂಜೆ ಕತ್ತಲಾದ ಮೇಲೆ ಮನೆಗೆ ಮರಳುವವರನ್ನು ಅಡ್ಡರಸ್ತೆಯಿಂದ ಬರುವ ವಾಹನದವನು ಗುರುತಿಸುವುದು ಆ ಎರಡು ಉಂಗುರಗಳಿಂದ. ಅದೇ ಟೈರು ಪಟ್ಟಿಯಿರುವುದೂ ಇಲ್ಲದ್ದೂ ಸಿಕ್ಕರೆ ಪಟ್ಟಿಯಿರುವುದನ್ನೇ ಆರಿಸಿ.

ಕೆಂಗೇರಿ_ಸವಾರ

28 ಎಂಬುದು ಗಟ್ಟಿಯಾಯಿತು. ಈಗ ಗಾಳಿಯ ಬಗ್ಗೆ ಕೇಳಬೇಕು. ಟೈರಿನ ಮೇಲೆ ಬರೆದಿರುವಷ್ಟು ತುಂಬಬೇಕೆ? ಪೆಟ್ರೋಲ್ ಬಂಕಿನಲ್ಲಿ ಹೊಡೆಸಬಹುದೆ? ಒಳಗೆ ಟ್ಯೂಬೇ ಇಲ್ಲದ ಟ್ಯೂಬ್‌ಲೆಸ್ ಮಾಡಿಸಿಕೊಳ್ಳಿ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಿದ್ದಾರೆ, ಅದು ಸರಿಯೆ?

ಜಯನಗರ_ಜೋಡಿಚಕ್ರ

ಟೈರಿನ ಮೇಲೆ ಬರೆದಿರುವುದು ಮೀರಬಾರದ ಮಿತಿ, ಹಾಕಲೇಬೇಕಾದ ಅಳತೆಯಲ್ಲ. ನಿಮ್ಮ ಒಟ್ಟು 90 ಕಿಲೊ ಭಾರಕ್ಕೆ 28ರ ಟೈರಿನಲ್ಲಿ ಹಿಂದೆ 75, ಮುಂದೆ 65 ಪಿಎಸ್ಐನಿಂದ ಆರಂಭಿಸಿ. ಮುಂದಿನ ಚಕ್ರದ ಮೇಲೆ ಭಾರ ಕಡಿಮೆ, ಆದ್ದರಿಂದ ಎರಡಕ್ಕೂ ಒಂದೇ ಒತ್ತಡ ಹಾಕುವುದು ಸರಿಯಲ್ಲ. ಸೈಕಲ್ ತಾಂತ್ರಿಕ ವಿಷಯಗಳ ಬರಹಗಾರ ಫ್ರಾಂಕ್ ಬರ್ಟೊ ಅವರು ಬಳಕೆಗೆ ತಂದ ಒಂದು ಅಳತೆಗೋಲಿದೆ: ಸವಾರ ಕೂತಾಗ ಟೈರಿನ ಎತ್ತರ ಶೇ. 15ರಷ್ಟು ಕುಗ್ಗಬೇಕು. ಅದರ ಪ್ರಕಾರ ಲೆಕ್ಕ ಹಾಕಿದರೆ ಹಿಂದಿನ ಚಕ್ರಕ್ಕೆ ಇದಕ್ಕಿಂತ ತುಸು ಹೆಚ್ಚೇ ಬರಬಹುದು. ನಮ್ಮ ರಸ್ತೆಗಳ ಒರಟುತನ ನೋಡಿ ನಾನು ಕಡಿಮೆ ಹೇಳುತ್ತಿದ್ದೇನೆ. ಗುಂಡಿಗೆ ಬಿದ್ದಾಗ ರಿಮ್ಮು ನೆಲಕ್ಕೆ ಬಡಿದ ಸದ್ದು ಕೇಳಿದರೆ, ಇಲ್ಲವೇ ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಜೋಡಿ ತೂತು ಕಂಡರೆ 5 ಪಿಎಸ್ಐ ಏರಿಸಿ. ಬಡಿತವೇ ಹೆಚ್ಚೆನಿಸಿದರೆ ಅಷ್ಟೇ ಇಳಿಸಿ. ಒಂದೆರಡು ವಾರದಲ್ಲಿ ನಿಮ್ಮ ಅಂಕಿ ನಿಮಗೇ ಗೊತ್ತಾಗುತ್ತದೆ.

ಬಂಕಿನ ಮೂತಿ ಮೋಟಾರ್ ವಾಹನದ ದಪ್ಪ ವಾಲ್ವಿಗೆ ಮಾಡಿದ್ದು. ನಿಮ್ಮದು ತೆಳುವಾದ ಪ್ರೆಸ್ಟಾ ವಾಲ್ವ್ ಆಗಿದ್ದರೆ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಬೇಕು. ಅದನ್ನು ಚೀಲದಲ್ಲಿ ಇಟ್ಟುಕೊಳ್ಳಿ, ಆದರೆ ಅಲ್ಲಿ ತುಂಬಿಸುವುದನ್ನು ಅಗತ್ಯ ಬಿದ್ದಾಗ ಮಾತ್ರ ಮಾಡಿ. ಸೈಕಲ್ಲಿನ ಟೈರಿನಲ್ಲಿ ಹಿಡಿಸುವ ಗಾಳಿ ತೀರ ಕಡಿಮೆ, ಕಂಪ್ರೆಸರ್ ಕ್ಷಣಾರ್ಧದಲ್ಲಿ ಮಿತಿ ಮೀರಿಸಿಬಿಡಬಹುದು. ಮಾಪಕವಿರುವ ನಿಲುವು ಪಂಪೊಂದನ್ನು ಮನೆಗೆ ತನ್ನಿ. ಈ ಇಡೀ ಚರ್ಚೆಯಲ್ಲಿ ಹಣ ಹಾಕಲು ಅತ್ಯಂತ ಯೋಗ್ಯವಾದ ವಸ್ತು ಅದೇ ಎಂಬುದು ನನ್ನ ದೃಢ ಅಭಿಪ್ರಾಯ. ಸಾಮಾನ್ಯ ಬ್ಯುಟೈಲ್ ಟ್ಯೂಬು ವಾರದಲ್ಲಿ ಕೆಲವು ಪಿಎಸ್ಐ ಕಳೆದುಕೊಳ್ಳುತ್ತದೆ, ಆದ್ದರಿಂದ ವಾರಕ್ಕೊಮ್ಮೆ ನೋಡಲೇಬೇಕು. ಹೆಬ್ಬೆರಳಿನಲ್ಲಿ ಒತ್ತಿ ನೋಡಿದರೆ 60ಕ್ಕೂ 90ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ಟ್ಯೂಬ್‌ಲೆಸ್ ಬೇಡ. ಅದಕ್ಕೆಂದೇ ಮಾಡಿದ ರಿಮ್ಮೂ ಟೈರೂ ಬೇಕು, ತೂತು ಮುಚ್ಚಲೆಂದು ಒಳಗೆ ಹಾಕುವ ದ್ರಾವಣ ನಮ್ಮ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಒಣಗುತ್ತದೆ.

ವೇಗಮಿತ್ರ

ಸಂಪರ್ಕದ ಆಕಾರದ ವಿವರಣೆಯನ್ನು ಓದಿದ ಮೇಲೆ 28ಕ್ಕೆ ನನ್ನ ವಿರೋಧವಿಲ್ಲ. ಆದರೂ ಎರಡೂ ಚಕ್ರಗಳಿಗೆ ದಪ್ಪ ರಬ್ಬರಿನ ಟೈರು ಬೇಕೆಂಬುದನ್ನು ಒಪ್ಪಲಾರೆ. ಪಂಕ್ಚರುಗಳಲ್ಲಿ ಬಹುಪಾಲು ಹಿಂದಿನ ಚಕ್ರದವು, ಏಕೆಂದರೆ ಭಾರ ಅಲ್ಲಿದೆ, ಮುಂದಿನ ಚಕ್ರ ಎಬ್ಬಿಸಿ ನಿಲ್ಲಿಸಿದ ಚೂರಿನ ಮೇಲೆ ಹಿಂದಿನದು ಹರಿಯುವುದೂ ಉಂಟು. ತಿರುವಿನಲ್ಲಿ, ಬ್ರೇಕಿನಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವುದು ಮುಂದಿನ ಟೈರು. ಆದ್ದರಿಂದ ಮುಂದಕ್ಕೆ 28ರ 4-ಸೀಸನ್, ಹಿಂದಕ್ಕೆ 28ರ ಮ್ಯಾರಥಾನ್ ಪ್ಲಸ್ ಅಥವಾ ಅದೇ ಬಗೆಯ ದಪ್ಪ ಪಟ್ಟಿಯ ಟೈರು ಎಂದು ಹಂಚಿಕೊಂಡರೆ ಎರಡರ ಗುಣವೂ ಸಿಗುತ್ತದೆ. ಎರಡು ಟೈರು ಬೇರೆ ಬೇರೆಯಾಗಿದ್ದರೆ ಯಾವ ತೊಂದರೆಯೂ ಇಲ್ಲ.

ಕೆಂಗೇರಿ_ಸವಾರ

ಈ ಹಂಚಿಕೆ ನನಗೆ ಬಹಳ ಹಿಡಿಸಿತು, ಹಾಗೆಯೇ ತರಿಸುತ್ತೇನೆ. ಈಗಿರುವ ಮುಂದಿನ 25ರ ಟೈರು ಇನ್ನೂ ಚೆನ್ನಾಗಿದೆ. ಅದನ್ನು ಏನು ಮಾಡುವುದು? ಮುಂದೆ ಹೊಸ ಟೈರುಗಳನ್ನು ಯಾವಾಗ ಬದಲಿಸಬೇಕು ಎಂದು ಹೇಗೆ ತಿಳಿಯುವುದು?

ಹಳೇ_ಸ್ಪೋಕು

ವೇಗಮಿತ್ರ ಅವರ ಹಂಚಿಕೆ ಸೊಗಸಾಗಿದೆ, ನಾನೂ ಅದನ್ನೇ ಸೂಚಿಸುತ್ತಿದ್ದೆ.

ಹಳೆಯ ಮುಂದಿನ ಟೈರನ್ನು ಎಸೆಯಬೇಡಿ. ಬಿಸಿಲು ಬೀಳದ ಜಾಗದಲ್ಲಿ ತೂಗುಹಾಕಿಡಿ, ಆಪತ್ತಿಗೆ ಆಗುತ್ತದೆ. ನೂಲು ಕಂಡ ಹಿಂದಿನ ಟೈರನ್ನು ಮಾತ್ರ ಇನ್ನು ಒಂದು ದಿನವೂ ಓಡಿಸಬೇಡಿ. ಅದರ ಪಕ್ಕದ ಗೋಡೆಯಿಂದ ಎರಡು ಬೆರಳಗಲದ ತುಂಡೊಂದನ್ನು ಕತ್ತರಿಸಿ, ಅಂಚಿನ ತಂತಿಯನ್ನು ತೆಗೆದು, ಪಂಕ್ಚರಿನ ಸಾಮಾನುಗಳ ಜೊತೆ ಇಟ್ಟುಕೊಳ್ಳಿ. ಮುಂದೆ ಎಂದಾದರೂ ಗಾಜು ಹೊಸ ಟೈರನ್ನು ಸೀಳಿದರೆ, ಆ ತುಂಡನ್ನು ಸೀಳಿನ ಒಳಬದಿಗೆ ಇಟ್ಟು ಗಾಳಿ ತುಂಬಿದರೆ ಟ್ಯೂಬು ಹೊರಗೆ ಉಬ್ಬದೆ ಮನೆಯವರೆಗೆ ಬರಬಹುದು.

ಬದಲಿಸುವ ಕಾಲವನ್ನು ಕಿಲೊಮೀಟರುಗಳಲ್ಲಿ ಹೇಳುವುದು ಸರಿಯಲ್ಲ, ಟೈರನ್ನೇ ನೋಡಬೇಕು. ಕಾಂಟಿನೆಂಟಲ್‌ನ ಹಲವು ರೋಡ್ ಟೈರುಗಳ ಮೇಲ್ಮೈಯಲ್ಲಿ ಎರಡು ಸಣ್ಣ ಕುಳಿಗಳಿರುತ್ತವೆ. ಅವು ಮಾಯವಾದರೆ ರಬ್ಬರು ಮುಗಿಯಿತೆಂದು ಅರ್ಥ. ಗುರುತಿಲ್ಲದ ಟೈರಿನಲ್ಲಿ ನಡುಭಾಗ ಚಪ್ಪಟೆಯಾದದ್ದು, ಗೋಡೆಯಲ್ಲಿ ಬಿರುಕು, ಎಲ್ಲಾದರೂ ಗುಳ್ಳೆಯಂತೆ ಉಬ್ಬಿದ್ದು ಇವೇ ಲಕ್ಷಣಗಳು. ಗುಳ್ಳೆ ಕಂಡರೆ ಒಳಗಿನ ನೂಲು ಹರಿದಿದೆ ಎಂದೇ ತಿಳಿಯಿರಿ, ಆ ಟೈರಿನ ಮೇಲೆ ಸವಾರಿ ಮಾಡಬಾರದು. ಕಚೇರಿಯಲ್ಲಿ ಸೈಕಲ್ಲನ್ನು ದಿನವಿಡೀ ಬಿಸಿಲಿನಲ್ಲಿ ನಿಲ್ಲಿಸಿದರೆ ರಬ್ಬರು ಸವೆಯುವ ಮೊದಲೇ ಬಿರಿಯುತ್ತದೆ, ನೆರಳಿನ ಜಾಗ ಕೇಳಿ ಪಡೆಯಿರಿ. ಹಿಂದಿನದು ಬೇಗ ಸವೆಯುತ್ತದೆಂದು ಹೊಸ ಟೈರನ್ನು ಹಿಂದಕ್ಕೂ ಅರೆ ಸವೆದದ್ದನ್ನು ಮುಂದಕ್ಕೂ ಹಾಕುವ ರೂಢಿ ಕೆಲವರಲ್ಲಿದೆ, ಅದು ಅಪಾಯ. ಹಿಂದಿನ ಟೈರು ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಬಿದ್ದೇ ಬೀಳುತ್ತೇವೆ. ಒಳ್ಳೆಯ ಟೈರು ಎಂದಿಗೂ ಮುಂದೆಯೇ ಇರಬೇಕು.

ಹೊಸ ಟೈರು ಏರಿಸುವ ಮೊದಲು ರಿಮ್ಮಿನೊಳಗೆ ಕಡ್ಡಿಗಳ ತಲೆಯನ್ನು ಮುಚ್ಚುವ ಪಟ್ಟಿ ಸರಿದಿಲ್ಲವೇ ಎಂದು ನೋಡಿ. ಟ್ಯೂಬಿಗೆ ಆಕಾರ ಬರುವಷ್ಟು ಸ್ವಲ್ಪ ಗಾಳಿ ಊದಿ ಒಳಗಿಡಿ. ಏರಿಸಿದ ಮೇಲೆ ಎರಡೂ ಬದಿಯಲ್ಲಿ ಸುತ್ತಲೂ ಅಂಚನ್ನು ಬೆರಳಿನಿಂದ ಹಿಂದೆ ಸರಿಸಿ, ಟ್ಯೂಬು ಎಲ್ಲೂ ಸಿಕ್ಕಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಿ. 30 ಪಿಎಸ್ಐಗೆ ತುಂಬಿ ನಿಲ್ಲಿಸಿ, ಚಕ್ರ ತಿರುಗಿಸಿ, ಗೋಡೆಯ ಕೆಳಗಿನ ಸಣ್ಣ ಗೆರೆ ರಿಮ್ಮಿನಿಂದ ಎಲ್ಲೆಡೆ ಒಂದೇ ದೂರದಲ್ಲಿದೆಯೇ ನೋಡಿ. ಒಂದು ಕಡೆ ಮುಳುಗಿ ಇನ್ನೊಂದು ಕಡೆ ಎದ್ದಿದ್ದರೆ ಗಾಳಿ ಬಿಟ್ಟು, ಕೈಯಲ್ಲಿ ಹಿಸುಕಿ ಸರಿಪಡಿಸಿ ಮತ್ತೆ ತುಂಬಿ. ಆಮೇಲೆ 75ಕ್ಕೆ ಏರಿಸಿ, ಹಿಂದಿನ ಬ್ರೇಕಿನ ಕೆಳಗೆ 4ರ ಅಲೆನ್ ಕೀ ಇಟ್ಟು ಚಕ್ರವನ್ನು ಒಂದು ಪೂರ್ತಿ ಸುತ್ತು ತಿರುಗಿಸಿ. ಎಲ್ಲೂ ತಾಗದಿದ್ದರೆ ಮರುದಿನದಿಂದಲೇ ಕಚೇರಿಗೆ ಒಯ್ಯಬಹುದು.